ಪಾಠ 14: ಊರು ನಂಬುವ ಮಾತು

ಅಕ್ಕಂದಿರೆ, ಒಂದು ಸಂಜೆ ಕಲಿಕಾ ಕೇಂದ್ರದಲ್ಲಿ ನಾವು ಒಂದು ಪ್ರಶ್ನೆ ಕೇಳಿದೆವು. “ನೀವು ಏನು ಹೇಳಿದರೂ ಎಲ್ಲರೂ ನಂಬುವಂಥ ವರ ಸಿಕ್ಕರೆ ಏನು ಮಾಡ್ತೀರಿ?”

“ಸಾಲ ತೀರಿತು ಅಂತ ಸಾಹುಕಾರನಿಗೆ ಹೇಳ್ತೀನಿ” ಎಂದಳು ಒಬ್ಬಳು.

“ಕುಡಿದರೆ ಕಣ್ಣು ಹೋಗ್ತದೆ ಅಂತ ಗಂಡನಿಗೆ ಹೇಳ್ತೀನಿ” ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ಮೂಲೆಯಲ್ಲಿ ಕುಳಿತ ಅಜ್ಜಿ ಮಾತ್ರ ನಗಲಿಲ್ಲ.

“ಆ ವರ ಇದ್ದೋರನ್ನ ನಾನು ಕಂಡಿದೀನಿ ಕಣವ್ವ. ಓದು ಬಲ್ಲೋರಿಗೆಲ್ಲಾ ಅದು ಇತ್ತು” ಎಂದರು.

ಅಜ್ಜಿಯ ಗಂಡ ತೀರಿಕೊಂಡ ವರ್ಷ. ಊರಿನವನೇ ಒಬ್ಬ ಕಾಗದ ತಂದ. “ಇದು ವಿಧವಾ ವೇತನದ ಅರ್ಜಿ” ಎಂದ. ಅಜ್ಜಿ ನಂಬಿದರು. ಹೆಬ್ಬೆಟ್ಟು ಒತ್ತಿದರು. ಆದರೆ ಅದು ಹೊಲದ ಪತ್ರ. ಅರ್ಧ ಎಕರೆ ಕೈಬಿಟ್ಟು ಹೋಯಿತು.

ಕಾಗದದಲ್ಲಿ ಏನಿದೆ ಎಂದು ಅಜ್ಜಿಗೆ ಗೊತ್ತಿರಲಿಲ್ಲ. ಅದಕ್ಕೇ ಓದುವವನ ಮಾತೇ ಸತ್ಯವಾಯಿತು.

ಕೆಲವು ಸಲ ಹೇಳುವವರ ಮನಸ್ಸಿನಲ್ಲಿ ಮೋಸ ಇರುವುದಿಲ್ಲ. ಆದರೂ ಕೇಡಾಗುತ್ತದೆ. 2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸುಳ್ಳು ಸುದ್ದಿ ಮೊಬೈಲಿನಲ್ಲಿ ಊರೂರಿಗೆ ಹಬ್ಬಿತು. ಆ ವರ್ಷ ಜುಲೈ ತಿಂಗಳು. ಹೈದರಾಬಾದಿನಿಂದ ಕೆಲವರು ಕಾರಿನಲ್ಲಿ ಬೀದರ್ ಜಿಲ್ಲೆಗೆ ಬಂದರು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ‘ಇವರೇ ಕಳ್ಳರು’ ಎಂದು ಸುದ್ದಿ ಮುಂದಿನ ಊರಿಗೆ ಹೋಯಿತು. ಮುರ್ಕಿ ಗ್ರಾಮದಲ್ಲಿ ಜನ ಅವರನ್ನು ತಡೆದು ಹೊಡೆದರು. ಒಬ್ಬ ಯುವಕ ಸತ್ತುಹೋದ. ಅವನು ಕಳ್ಳನಲ್ಲ, ಇಂಜಿನಿಯರ್.

ಸುದ್ದಿ ಕಳಿಸಿದವರು ‘ಮಕ್ಕಳನ್ನು ಕಾಪಾಡುತ್ತಿದ್ದೇವೆ’ ಎಂದೇ ತಿಳಿದಿರಬಹುದು. ಆದರೆ ಹೋದ ಜೀವ ಮತ್ತೆ ಬರಲಿಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಈಗ ನಮ್ಮ ಅಜ್ಜಿಗೂ ಓದು ಬಂದಿದೆ. ಕಳೆದ ವಾರ ಪಕ್ಕದ ಮನೆಯ ಸೊಸೆ ಒಂದು ಚೀಟಿ ತಂದಳು. ಆಶಾ ಕಾರ್ಯಕರ್ತೆ ಬರೆದುಕೊಟ್ಟ ಚೀಟಿ ಅದು.

“ಅಜ್ಜೀ, ಮಗೂಗೆ ಔಷಧಿ ಎಷ್ಟು ಹಾಕಬೇಕು? ವಸಿ ಓದಿ ಹೇಳು” ಎಂದಳು.

ಚೀಟಿ ನೆನೆದಿತ್ತು. ಅರ್ಧ ಚಮಚವೋ ಒಂದೂವರೆ ಚಮಚವೋ ಗೊತ್ತಾಗಲಿಲ್ಲ. ಅಜ್ಜಿ ಅಂದಾಜಿಗೆ ಏನೋ ಒಂದು ಹೇಳಬಹುದಿತ್ತು. ಸೊಸೆ ಖಂಡಿತ ನಂಬುತ್ತಿದ್ದಳು. ಅಷ್ಟೇ ಹಾಕುತ್ತಿದ್ದಳು.

ಅಜ್ಜಿ ಹಾಗೆ ಮಾಡಲಿಲ್ಲ. “ನಂಗೆ ಸರಿಯಾಗಿ ತಿಳೀತಿಲ್ಲ ಕಣವ್ವ. ನಡಿ, ಬರೆದವರನ್ನೇ ಕೇಳೋಣ” ಎಂದರು. ಇಬ್ಬರೂ ಮಳೆಯಲ್ಲೇ ಹೋದರು. ಕೇಳಿದರು. ಅದು ಅರ್ಧ ಚಮಚ.

ನೋಡಿ ಅಕ್ಕಂದಿರೆ, ಆ ವರ ಈಗ ನಮ್ಮ ಕೈಯಲ್ಲೂ ಇದೆ. ಮಕ್ಕಳು ನಮ್ಮನ್ನು ನಂಬುತ್ತಾರೆ. ಓದು ಬಾರದ ನೆರೆಯವರು ನಂಬುತ್ತಾರೆ. ನಾವು ತಪ್ಪು ಹೇಳಿದರೆ ನಷ್ಟ ನಂಬಿದವರಿಗೆ. ‘ನನಗೆ ಗೊತ್ತಿಲ್ಲ’ ಎನ್ನಲು ನಾಚಿಕೆ ಬೇಡ.

ನೆನಪಿಡಿ
• ಪೂರ್ತಿ ಓದಿ, ಆಮೇಲೆ ಹೇಳಿ.
• ‘ಇದನ್ನು ಕಂಡವರು ಯಾರು?’ ಎಂದು ಕೇಳಿ.
• ಓದದೆ ಸಹಿ ಹಾಕಬೇಡಿ.

ಮಾತಾಡೋಣ
1. ಅಜ್ಜಿಯ ಹೊಲ ಹೇಗೆ ಹೋಯಿತು?
2. ಅಜ್ಜಿ ಅಂದಾಜಿಗೆ ಹೇಳಿದ್ದರೆ ಏನಾಗಬಹುದಿತ್ತು?
3. ನಿಮ್ಮ ಮಾತನ್ನು ಯಾರು ಯಾರು ನಂಬುತ್ತಾರೆ? ಅವರ ಹೆಸರು ಬರೆಯಿರಿ.