ಅಂಕಿಯಿಂದ ಆರೋಗ್ಯದೆಡೆಗೆ: ಸಿ. ಆರ್. ರಾವ್ ಅವರ ವಿದ್ಯಾಪಥ

ವೈದ್ಯಕೀಯ ಕಾಲೇಜಿನಲ್ಲಿ ಸ್ಥಾನ ದೊರೆಯದಿದ್ದರೆ ರೋಗಿಗಳ ಸೇವೆಯ ಬಾಗಿಲು ಮುಚ್ಚಿತೆಂದು ಅನೇಕ ವಿದ್ಯಾರ್ಥಿಗಳೂ ಪಾಲಕರೂ ಭಾವಿಸುವುದುಂಟು. ಆದರೆ ಔಷಧಿಯಿಂದ ಗುಣವಾಯಿತೆ, ರೋಗ ತಾನಾಗಿಯೇ ಶಮನವಾಯಿತೆ ಎಂಬುದನ್ನು ನಿರ್ಣಯಿಸಲು ವೈದ್ಯನೊಡನೆ ಸಂಖ್ಯಾಶಾಸ್ತ್ರಜ್ಞನೂ ಬೇಕು. ಈ ವಿಷಯದಲ್ಲಿ ಸಿ. ಆರ್. ರಾವ್ ಅವರ ವಿದ್ಯಾಜೀವನ ಬೋಧಪ್ರದವಾಗಿದೆ.

ರಾವ್ ಅವರು 1920ರ ಸೆಪ್ಟೆಂಬರ್ 10ರಂದು, ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹೂವಿನ ಹಡಗಲಿಯಲ್ಲಿ, ತೆಲುಗು ಮನೆತನವೊಂದರಲ್ಲಿ ಜನಿಸಿದರು. ಮುಂಜಾನೆ ನಾಲ್ಕು ಗಂಟೆಗೆ ಎಬ್ಬಿಸಿ, ಓದಿಗೆ ಎಣ್ಣೆಯ ದೀಪ ಹಚ್ಚಿಕೊಡುತ್ತಿದ್ದ ತಾಯಿಯನ್ನು ಅವರು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಎಂ.ಎ. ಮುಗಿಸಿ ಉದ್ಯೋಗವನ್ನರಸಿ ಕಲ್ಕತ್ತೆಗೆ ಹೋದಾಗ ಸೈನ್ಯದ ಕೆಲಸ ದೊರೆಯಲಿಲ್ಲ. 1941ರಲ್ಲಿ ಮಹಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. 1943ರಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. ಪದವಿ ಪಡೆದರು.

1946ರಲ್ಲಿ ಕೇಂಬ್ರಿಜ್ಜಿಗೆ ತೆರಳಿದ ಅವರಿಗೆ ವಹಿಸಲಾದುದು, ಸೂಡಾನಿನ ಜೆಬೆಲ್ ಮೋಯದ ಉತ್ಖನನದಲ್ಲಿ ದೊರೆತ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುವ ಕಾರ್ಯ. ಅಲ್ಲಿಯೇ ಫಿಷರರ ಮಾರ್ಗದರ್ಶನದಲ್ಲಿ 1948ರಲ್ಲಿ ಡಾಕ್ಟರೇಟ್ ಪಡೆದರು. ಒಂದೇ ಅಳತೆಯಿಂದ ಅಸ್ಥಿಯೊಂದು ಯಾವ ಜನವರ್ಗಕ್ಕೆ ಸೇರಿದುದೆಂದು ಹೇಳಲಾಗದು. ಹಲವು ಅಳತೆಗಳನ್ನು ಅವುಗಳ ಪರಸ್ಪರ ಸಂಬಂಧದೊಡನೆ ತೂಗಬೇಕು. ರೋಗನಿದಾನದಲ್ಲಿಯೂ ಇದೇ ತರ್ಕ. ಮಗುವಿನ ಎತ್ತರ ಸಾಧಾರಣ ಮಿತಿಯಲ್ಲಿರಬಹುದು, ತೂಕವೂ ಇರಬಹುದು. ಆದರೂ ಆ ಎತ್ತರಕ್ಕೆ ಆ ತೂಕ ತೀರ ಕಡಮೆಯಾಗಿದ್ದರೆ ಅಪೌಷ್ಟಿಕತೆಯ ಶಂಕೆ ಮೂಡುತ್ತದೆ. ಎರಡನ್ನೂ ಕೂಡಿಸಿ ನೋಡದವನಿಗೆ ಅದು ಕಾಣದು.

1948ರಲ್ಲಿಯೇ ರಾವ್ ಅವರು 'ಸ್ಕೋರ್ ಪರೀಕ್ಷೆ'ಯನ್ನು ನಿರೂಪಿಸಿದರು. ಮೊದಲು ಎರಡು ಚಿಕಿತ್ಸೆಗಳಲ್ಲಿ ಭೇದವಿಲ್ಲವೆಂದೇ ಭಾವಿಸಿ, ದೊರೆತ ಅಂಕಿಗಳು ಆ ಭಾವನೆಯಿಂದ ನಮ್ಮನ್ನು ಎಷ್ಟು ಬಲವಾಗಿ ಕದಲಿಸುತ್ತವೆಂದು ಅಳೆಯುವುದೇ ಇದರ ತಿರುಳು. ಯಾವ ಚಿಕಿತ್ಸೆಯಿಂದ ರೋಗಿಗಳು ಹೆಚ್ಚು ಕಾಲ ಬದುಕುವರೆಂದು ಪರೀಕ್ಷಿಸಲು ಇಂದು ವೈದ್ಯಸಂಶೋಧಕರು ಬಳಸುವ ಲಾಗ್-ರ್ಯಾಂಕ್ ಪರೀಕ್ಷೆಯೂ ಈ ಬಗೆಯದೇ. ರಾವ್ ವೈದ್ಯರಲ್ಲ, ಆದರೂ ಅವರ ಶೋಧನೆ ಆಸ್ಪತ್ರೆಯನ್ನು ತಲುಪಿತು. 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪುರಸ್ಕಾರ ಸಂದಿತು. ಅದೇ ವರ್ಷ ಆಗಸ್ಟ್ 22ರಂದು ನಿಧನರಾದರು.

ಅವರು ದಶಕಗಳ ಕಾಲ ದುಡಿದ ಆ ಸಂಸ್ಥೆಯ ಬೆಂಗಳೂರು ಕೇಂದ್ರ ಕೆಂಗೇರಿಗೆ ಸಮೀಪದಲ್ಲಿ, ಮೈಸೂರು ರಸ್ತೆಯ ಎಂಟನೆಯ ಮೈಲಿಯಲ್ಲಿದೆ. ರಾಜಾಜಿನಗರ, ವಿಜಯನಗರಗಳ ನಮ್ಮ ಮಕ್ಕಳಿಗೆ ಅದು ದೂರವಲ್ಲ. ಸರಾಸರಿಯ ಪಾಠ ಬಂದಾಗ ಅಧ್ಯಾಪಕರು ಪುಸ್ತಕದ ಅಂಕಿಗಳಿಗೇ ತೃಪ್ತರಾಗದೆ, ಹೆಸರುಗಳನ್ನು ಮರೆಮಾಡಿ, ತರಗತಿಯ ಮಕ್ಕಳ ಎತ್ತರ ತೂಕಗಳನ್ನೇ ಪಾಠಕ್ಕೆ ತಂದುಕೊಳ್ಳಲಿ. ಅಂಕಿಯ ಹಿಂದೆ ಒಂದು ಜೀವವಿದೆಯೆಂಬ ಅರಿವು ಅಲ್ಲಿಂದಲೇ ಮೊಳೆಯಬೇಕು.