ಬೂಸ್ಟರ್ ಬಾಕ್ಸ್ ಒಡೆಯುವ ಮುನ್ನ: ಮಿನಿಯೇಚರ್ ಸಂಗ್ರಹಕ್ಕೆ ಯಶಸ್ಸಿನ ಸೂತ್ರಗಳು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಡಲು ಶುರು ಮಾಡಿದ್ದೀರಿ. ಈಗ ಟೇಬಲ್ ಮೇಲೆ ನಿಲ್ಲಿಸಲು ಕಾರ್ಖಾನೆಯಲ್ಲೇ ಬಣ್ಣ ಬಳಿದು ಬರುವ ಪ್ರಿಪೇಂಟೆಡ್ ಮಿನಿಯೇಚರ್‌ಗಳು ಬೇಕು. ಭೇಷ್! ಆದರೆ ಸಂಬಳ ಬಿದ್ದ ಸಂಜೆಯೇ ಆರ್ಡರ್ ಮಾಡಬೇಡಿ. ಆಟ ನಡೆಸುವ ಡಂಜನ್ ಮಾಸ್ಟರ್ ಆಗಿ ಯೋಚಿಸಿ, ಅಂಗಡಿಯ ಗಿರಾಕಿಯಾಗಿ ಅಲ್ಲ.

1. ಮಾರಾಟದ ಗುಟ್ಟು ತಿಳಿಯಿರಿ.
2000ದಲ್ಲಿ ವಿಝ್‌ಕಿಡ್ಸ್ ಕಂಪನಿ ಮೇಜ್ ನೈಟ್ ಎಂಬ ಆಟ ತಂದಿತು. ಬಣ್ಣದ ಪ್ಲಾಸ್ಟಿಕ್ ಗೊಂಬೆಗಳು. ಬಾಕ್ಸ್ ಒಡೆಯುವವರೆಗೆ ಒಳಗೆ ಯಾರಿದ್ದಾರೋ ಗೊತ್ತಿಲ್ಲ. 2003ರಲ್ಲಿ ಡಿ ಅಂಡ್ ಡಿ ಪ್ರಕಟಿಸುವ ವಿಝರ್ಡ್ಸ್ ಆಫ್ ದಿ ಕೋಸ್ಟ್ ಅದೇ ದಾರಿ ಹಿಡಿದು 80 ಗೊಂಬೆಗಳ ಹಾರ್ಬಿಂಜರ್ ಸೆಟ್ ಬಿಟ್ಟಿತು. ಒಂದು ಬೂಸ್ಟರ್‌ನಲ್ಲಿ, ಅಂದರೆ ಒಳಗೇನಿದೆ ಎಂದು ಕಾಣದ ಬಾಕ್ಸ್‌ನಲ್ಲಿ, 8 ಗೊಂಬೆ, ಅದರಲ್ಲಿ ಒಂದು ರೇರ್ (ವಿರಳ ಗೊಂಬೆ) ಖಾತ್ರಿ. ಈ ಡಿ ಅಂಡ್ ಡಿ ಗೊಂಬೆಗಳ ಸರಣಿ 2011ರಲ್ಲಿ ನಿಂತಿತು. ಅದೇ ವರ್ಷದ ಕೊನೆಗೆ ವಿಝ್‌ಕಿಡ್ಸ್‌ನ ಪಾಥ್‌ಫೈಂಡರ್ ಬ್ಯಾಟಲ್ಸ್ ಬಂತು, 2014ರಲ್ಲಿ ಐಕಾನ್ಸ್ ಆಫ್ ದಿ ರೆಲ್ಮ್ಸ್. ಸರಣಿಗಳು ಬರುತ್ತವೆ, ಹೋಗುತ್ತವೆ. ಆದ್ದರಿಂದ "ಈಗ ಬಿಟ್ಟರೆ ಇನ್ನು ಸಿಗಲ್ಲ" ಎಂಬ ಆತುರವನ್ನು ಮೊದಲು ಮನಸ್ಸಿನಿಂದ ತೆಗೆಯಿರಿ.

2. ಲೆಕ್ಕ ಹಾಕಿ, ಆಮೇಲೆ ಆಸೆಪಡಿ.
ಒಂದು ಸೆಟ್‌ನಲ್ಲಿ 24 ರೇರ್‌ಗಳಿವೆ, ಬಾಕ್ಸ್‌ಗೆ ಒಂದರಂತೆ ಬರುತ್ತವೆ ಎಂದುಕೊಳ್ಳಿ. ನಿಮಗೆ ಬೇಕಿರುವುದು ಅದರಲ್ಲಿ ಒಂದೇ ಒಂದು, ಬಿಹೋಲ್ಡರ್ ಎಂಬ ವಿಚಿತ್ರಜೀವಿ. ಎಲ್ಲಕ್ಕೂ ಸಮಾನ ಅವಕಾಶ ಇದ್ದರೂ, 24 ಬಾಕ್ಸ್ ಒಡೆದ ಮೇಲೂ ಅದು ಸಿಗದೇ ಇರುವ ಸಾಧ್ಯತೆ ಸುಮಾರು ಶೇ. 36. ಪಿಯುಸಿಯಲ್ಲಿ ಕಲಿತ ಪ್ರಾಬಬಿಲಿಟಿ ಇಲ್ಲಿ ದುಡ್ಡು ಉಳಿಸುತ್ತದೆ! ಬಿಡಿಯಾಗಿ ಮಾರುವವರಿಂದ, ಅಂದರೆ ಸಿಂಗಲ್ಸ್ ಆಗಿ, ಬೇಕಾದದ್ದನ್ನೇ ಕೊಳ್ಳಿ. ಬಿಡಿ ಗೊಂಬೆಯ ಬೆಲೆ ದುಬಾರಿ ಎನಿಸಿದರೆ, ಅದಕ್ಕಾಗಿ ಒಡೆಯಬೇಕಾದ ಬಾಕ್ಸ್‌ಗಳ ಬಿಲ್ ಪಕ್ಕದಲ್ಲಿಟ್ಟು ನೋಡಿ. ಬಾಕ್ಸ್ ಒಡೆಯುವ ಮಜಾ ಬೇಕೇ ಬೇಕಾದರೆ ಒಂದು ಕೊಳ್ಳಿ. ಆ ಖರ್ಚನ್ನು ಸಿನಿಮಾ ಟಿಕೆಟ್ ಲೆಕ್ಕಕ್ಕೆ ಸೇರಿಸಿ, ಸಂಗ್ರಹದ ಬಜೆಟ್‌ಗೆ ಬೇಡ.

3. ಕಾಮನ್‌ಗಳನ್ನು, ಅಂದರೆ ಸುಲಭವಾಗಿ ಸಿಗುವ ಗೊಂಬೆಗಳನ್ನು, ಗೌರವಿಸಿ.
ಹತ್ತು ಕಣ್ಣಿನ ದಂಟುಗಳ ಬಿಹೋಲ್ಡರ್ ಇಡೀ ಕ್ಯಾಂಪೇನ್‌ನಲ್ಲಿ ಬಹುಶಃ ಒಂದೇ ಸಲ ಟೇಬಲ್‌ಗೆ ಬರುತ್ತದೆ. ಗಾಬ್ಲಿನ್, ಅಸ್ಥಿಪಂಜರ, ತೋಳಗಳು ಪದೇ ಪದೇ ಬರುತ್ತವೆ, ಅದೂ ಗುಂಪಾಗಿ. ಮೊದಲ ಖರೀದಿ ಹೀಗಿರಲಿ: ಆರು ಗಾಬ್ಲಿನ್, ಆರು ಅಸ್ಥಿಪಂಜರ, ನಾಲ್ಕು ತೋಳ, ನಾಲ್ಕು ಕಾವಲುಗಾರರು. ರೇರ್‌ಗಳು ಕಪಾಟಿಗೆ ಚೆಂದ, ಆದರೆ ಆಟ ನಡೆಸಿಕೊಡುವುದು ಕಾಮನ್‌ಗಳೇ.

4. ಅಳತೆ ಬಾಯಿಪಾಠ ಮಾಡಿ.
ಟೇಬಲ್ ಮೇಲಿನ 1 ಇಂಚಿನ ಚೌಕ ಎಂದರೆ ಆಟದ ಲೋಕದಲ್ಲಿ 5 ಅಡಿ. ಮನುಷ್ಯ ಗಾತ್ರದ್ದಕ್ಕೆ 1 ಇಂಚಿನ ಬೇಸ್, ಆಗರ್‌ನಂಥ ಲಾರ್ಜ್‌ಗೆ 2, ಹ್ಯೂಜ್‌ಗೆ 3, ಗಾರ್ಗ್ಯಾಂಚುವನ್‌ಗೆ 4. ಆನ್‌ಲೈನ್ ಫೋಟೋದಲ್ಲಿ ಎಲ್ಲವೂ ಒಂದೇ ಗಾತ್ರ ಕಾಣುತ್ತವೆ. ಬೇಸ್ ಅಳತೆ ಕೇಳದೆ ಹಣ ಕಳಿಸಬೇಡಿ.

5. "ನನ್ನ ಹತ್ತಿರ ಆ ಗೊಂಬೆ ಇಲ್ಲ" ಎಂದು ಆಟ ಮುಂದೂಡಬೇಡಿ.
ಇದು ಕೊರತೆಯಲ್ಲ, ಅಭ್ಯಾಸ. ಇವತ್ತೇ ಬಿಡಿ. 1974ರಲ್ಲಿ ಈ ಆಟ ಹೊರಬಂದಾಗ ಇಂಥ ಬೂಸ್ಟರ್‌ಗಳೇ ಇರಲಿಲ್ಲ. ಆರ್ಕ್ ಇಲ್ಲದಿದ್ದರೆ ಗಾಬ್ಲಿನ್ ನಿಲ್ಲಿಸಿ "ಇದು ಆರ್ಕ್" ಎನ್ನಿ, ಟೇಬಲ್ ಒಪ್ಪುತ್ತದೆ. ಪೈಝೋ ಕಂಪನಿಯ ಪಾನ್ಸ್ ಬರೀ ರಟ್ಟಿನ ಚಿತ್ರಗಳು, ಅವುಗಳಲ್ಲೂ ಆಟ ಚೆನ್ನಾಗಿಯೇ ಸಾಗುತ್ತದೆ. ಅದೂ ಇಲ್ಲವೇ? ಒಂದು ರೂಪಾಯಿ ನಾಣ್ಯ ಇಂಚಿನ ಚೌಕದೊಳಗೆ ಆರಾಮಾಗಿ ಕೂರುತ್ತದೆ. (ಕೇರಂ ಕಾಯಿ ಬೇಡ, 3 ಸೆಂಟಿಮೀಟರ್ ದಾಟುತ್ತದೆ, ಪಕ್ಕದ ಚೌಕಕ್ಕೆ ಕಾಲು ಚಾಚುತ್ತದೆ.)

6. ಹಳೆಯ ಗೊಂಬೆ ಕೊಳ್ಳುವಾಗ ಬುಡ ನೋಡಿ.
ಹಳೆಯ ಡಿ ಅಂಡ್ ಡಿ ಗೊಂಬೆಗಳ ಬೇಸ್‌ನ ಅಡಿಯಲ್ಲಿ ಹೆಸರು, ಸೆಟ್ ಗುರುತು, ಸಂಖ್ಯೆ ಇರುತ್ತವೆ. ನಿಮ್ಮ ಪಟ್ಟಿಯ ಜೊತೆ ತಾಳೆ ನೋಡಿ. ಜೊತೆಗೆ ಬರುತ್ತಿದ್ದ, ಗೊಂಬೆಯ ಬಲಾಬಲ ಬರೆದ ಸ್ಟ್ಯಾಟ್ ಕಾರ್ಡ್ ಕಳೆದಿದ್ದರೆ ಚೌಕಾಸಿ ಮಾಡಿ. ರೋಲ್‌ಪ್ಲೇಯಿಂಗ್‌ಗೆ ನಿಮಗೆ ಆ ಕಾರ್ಡ್ ಬೇಕಾಗಿಲ್ಲ, ಅದನ್ನು ಮಾರುವವರಿಗೆ ಹೇಳುವುದೂ ಬೇಕಾಗಿಲ್ಲ.

7. ಕೈಯಾರೆ ಸರಿಮಾಡಿ.
ಮೆದು ಪ್ಲಾಸ್ಟಿಕ್ ಆದ್ದರಿಂದ ಕತ್ತಿ, ಭರ್ಜಿಗಳು ಪ್ಯಾಕಿಂಗ್‌ನಲ್ಲೇ ಸೊಟ್ಟಗಾಗುತ್ತವೆ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಬೆರಳಲ್ಲಿ ನೇರ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಶಾಖಕ್ಕೆ ಬಾಗಿದ ಪ್ಲಾಸ್ಟಿಕ್ ತಣಿದಾಗ ಆ ರೂಪದಲ್ಲೇ ನಿಲ್ಲುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಗೊಂಬೆಗಳನ್ನು ಬಿಟ್ಟುಹೋದರೆ ಇದೇ ವಿಜ್ಞಾನ ನಿಮ್ಮ ವಿರುದ್ಧ ಕೆಲಸ ಮಾಡುತ್ತದೆ.

ಬಣ್ಣ ಮಂಕಾಗಿದೆಯೇ? ಸೋಪುನೀರಲ್ಲಿ ತೊಳೆದು ಒಣಗಿಸಿ. ನೀರಾದ ಕಂದು ಅಕ್ರಿಲಿಕ್ ಬಣ್ಣ ಮೈತುಂಬ ಹಚ್ಚಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ. ಸಂದುಗಳಲ್ಲಿ ಬಣ್ಣ ನಿಂತು ನೆರಳು ಮೂಡುತ್ತದೆ, ಕಾರ್ಖಾನೆಯ ಚಪ್ಪಟೆ ಮುಖಕ್ಕೆ ಕಳೆ ಬರುತ್ತದೆ. "ನನ್ನ ಕೈಗೆ ಕಲೆ ಒಲಿದಿಲ್ಲ" ಎನ್ನಬೇಡಿ. ಮೊದಲ ಪ್ರಯೋಗ ಗಾಬ್ಲಿನ್ ಮೇಲೆ ಮಾಡಿ, ಅದು ಕೊಳಕಾದಷ್ಟೂ ಗಾಬ್ಲಿನ್‌ನಂತೆಯೇ ಕಾಣುತ್ತದೆ.

8. ಎರಡೆರಡು ಬಂದ ರೇರ್‌ಗಳನ್ನು ತಕ್ಷಣ ಬದಲಾಯಿಸಿಕೊಳ್ಳಿ.
ಎರಡನೇ ಬಿಹೋಲ್ಡರ್ ಕೊಟ್ಟು ಒಂದು ಡಜನ್ ಅಸ್ಥಿಪಂಜರ ಕೇಳಿ. ಸೆಟ್ ಹೊಸದಿರುವಾಗ ಹುಡುಕುವವರು ಹೆಚ್ಚು, ಕೊಡುವವರು ಕಡಿಮೆ.