ನಿಲುವು ಚೌಕಟ್ಟಿನ ಚಲಚ್ಚಿತ್ರ

ಮಾನವನು ತಾನು ಕಂಡುದನ್ನು ಇತರರಿಗೂ ಕಾಣಿಸಬೇಕೆಂದು ಬಯಸಿದಂದೇ ಚಿತ್ರಕಲೆ ಹುಟ್ಟಿತೆನ್ನಬಹುದು. ಬಂಡೆಯ ಮೇಲೆ ಗೀರಿದ ಗೆರೆಯಿಂದ ಹಿಡಿದು ಬೆಳ್ಳಿಯ ತೆರೆಯವರೆಗೆ ಆ ಬಯಕೆ ಅನೇಕ ರೂಪಗಳನ್ನು ತಳೆದಿದೆ. ಅದರ ತೀರ ಈಚಿನ ರೂಪ ನಮ್ಮೆಲ್ಲರ ಜೇಬಿನಲ್ಲಿದೆ. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದು, ನೆಟ್ಟಗೆ ಹಿಡಿದೇ ನೋಡುವ ಚಿಕ್ಕ ವಿಡಿಯೊ ಇಂದು ಎಷ್ಟು ಸಾಮಾನ್ಯವಾಗಿದೆಯೆಂದರೆ, ಅದನ್ನು ಕಲಿಯಬೇಕಾದ ಒಂದು ವಿದ್ಯೆಯೆಂದು ಯಾರೂ ಎಣಿಸುವುದೇ ಇಲ್ಲ. ಹಿರಿಯರಲ್ಲಿ ಕೆಲವರು ಅದನ್ನು ಕಾಲಹರಣವೆಂದು ಕಡೆಗಣಿಸುವುದೂ ಉಂಟು. ಆದರೆ ಉಪಯೋಗಿಸುವ ಕೈ ಹಗುರವಾದರೆ ಲೇಖನಿಯೂ ಹಗುರವಾದೀತು ಎಂಬುದನ್ನು ಮರೆಯಬಾರದು. ಇಂಥ ಚಿತ್ರವನ್ನು ಚೆನ್ನಾಗಿ ತೆಗೆಯುವುದು ಹೇಗೆ, ತೆಗೆದುದನ್ನು ಪ್ರಾಮಾಣಿಕವಾಗಿ ಜೋಡಿಸುವುದು ಹೇಗೆ ಎಂಬ ಎರಡು ವಿಷಯಗಳನ್ನು ವಿದ್ಯಾರ್ಥಿಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ. ಉದಾಹರಣೆಗಾಗಿ, ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಕಾಣಸಿಗುವ ವೀರಗಲ್ಲನ್ನು ಆರಿಸಿಕೊಂಡಿದ್ದೇನೆ.

ಮೊದಲು ಚೌಕಟ್ಟಿನ ವಿಚಾರ. ಚಲಚ್ಚಿತ್ರವು ಹುಟ್ಟಿನಿಂದಲೂ ಅಡ್ಡಲಾಗಿಯೇ ಬೆಳೆಯಿತು. 1890ರ ದಶಕದ ಆರಂಭದಲ್ಲಿ ಅಮೆರಿಕದ ಎಡಿಸನ್ನನ ಪ್ರಯೋಗಶಾಲೆಯಲ್ಲಿ ಡಿಕ್ಸನ್ ಎಂಬಾತನು 35 ಮಿಲಿಮೀಟರ್ ಫಿಲ್ಮಿನ ಮೇಲೆ, ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು ಇರುವಂತೆ ಚಿತ್ರಗಳನ್ನು ಮೂಡಿಸಿದನು. ಹೆಚ್ಚುಕಡಿಮೆ ಅದೇ ಪ್ರಮಾಣವು ಆರು ದಶಕಗಳ ಕಾಲ ನಡೆದುಬಂದಿತು. 1930ರಲ್ಲಿ ರಷ್ಯದ ಪ್ರಸಿದ್ಧ ನಿರ್ದೇಶಕ ಐಸೆನ್‌ಸ್ಟೈನನು ಹಾಲಿವುಡ್ಡಿನಲ್ಲಿ ಮಾಡಿದ ಭಾಷಣವೊಂದರಲ್ಲಿ, ತೆರೆಯು ಅಡ್ಡಲಾಗಿಯೇ ಹಿಗ್ಗುತ್ತ ಹೋದರೆ ಎತ್ತರದ ಚೆಲುವೆಲ್ಲ ಹೊರಗುಳಿಯುವುದೆಂದೂ, ಚಚ್ಚೌಕವಾದ ತೆರೆಯೊಂದೇ ಎರಡಕ್ಕೂ ನ್ಯಾಯವನ್ನು ಒದಗಿಸಬಲ್ಲುದೆಂದೂ ವಾದಿಸಿದನು. ಚಿತ್ರೋದ್ಯಮ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1953ರಲ್ಲಿ ಸಿನಿಮಾಸ್ಕೋಪ್ ಬಂದು ತೆರೆ ಮತ್ತಷ್ಟು ಅಗಲವಾಯಿತು. ಮುಂದೆ ಮನೆಯ ಟಿ.ವಿ.ಯೂ 16ಕ್ಕೆ 9ರ ಪ್ರಮಾಣಕ್ಕೆ ಬಂದು ನಿಂತಿತು. ಅದನ್ನೇ ಎತ್ತಿ ನಿಲ್ಲಿಸಿ 9ಕ್ಕೆ 16 ಮಾಡಿದ್ದು ಮೊಬೈಲು. ಅಂಗೈಗೆ ಒಪ್ಪುವ ಆಕಾರವೇ ಈ ಬದಲಾವಣೆಗೆ ಮುಖ್ಯ ಕಾರಣ. 2020ರಲ್ಲಿ ರೀಲ್ಸ್ ಮತ್ತು ಶಾರ್ಟ್ಸ್ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಮೇಲಂತೂ ಈ ನಿಲುವು ಚೌಕಟ್ಟು ಮನೆಮಾತಾಯಿತು.

ನಮ್ಮ ಕಣ್ಣುಗಳೆರಡೂ ಅಕ್ಕಪಕ್ಕದಲ್ಲಿರುವುದರಿಂದ ನೋಟವು ಸ್ವಾಭಾವಿಕವಾಗಿ ಅಡ್ಡಲಾಗಿ ಹರಡುತ್ತದೆ. ನಿಲುವು ಚೌಕಟ್ಟು ಅದನ್ನು ಎರಡು ಮಗ್ಗುಲಲ್ಲೂ ಕತ್ತರಿಸುತ್ತದೆ. ಆದಕಾರಣ ಎಲ್ಲ ವಸ್ತುವೂ ಇದಕ್ಕೆ ಒಗ್ಗುವುದಿಲ್ಲ. ಡೊಳ್ಳು ಕುಣಿತದವರು ವೃತ್ತವಾಗಿ ಹರಡಿ ನಿಂತಾಗ, ಇದರೊಳಗೆ ಹಿಡಿಸುವವರು ಇಬ್ಬರು ಮೂವರು ಮಾತ್ರ. ಅದೇ ಪಟ ಕುಣಿತದಲ್ಲಿ, ಬಣ್ಣಬಣ್ಣದ ವಸ್ತ್ರಗಳನ್ನು ಕಟ್ಟಿದ ಎತ್ತರದ ಬಿದಿರಿನ ಗಳುವನ್ನು ಹಿಡಿದು ಕುಣಿಯುವ ಕಲಾವಿದನು ಅಡಿಯಿಂದ ಮುಡಿಯವರೆಗೆ ಗಳುವಿನ ಸಮೇತ ಸಲೀಸಾಗಿ ಹಿಡಿಸುತ್ತಾನೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಮೇಲೆ ಒಂದರ ಹಿಂದೊಂದು ಸಾಗುವ ಆನೆಗಳ ಸಾಲು ಅಡ್ಡ ಚೌಕಟ್ಟಿನ ವಸ್ತು. ಶ್ರವಣಬೆಳಗೊಳದ ಗೊಮ್ಮಟ ನಿಲುವು ಚೌಕಟ್ಟಿನ ವಸ್ತು. ನಿಲುವುಗನ್ನಡಿಯಲ್ಲಿ ಏನು ಚೆನ್ನಾಗಿ ಕಾಣುವುದೋ ಅದು ಇಲ್ಲಿಯೂ ಚೆನ್ನಾಗಿ ಕಾಣುತ್ತದೆ ಎಂಬುದನ್ನು ಸ್ಥೂಲವಾದ ನಿಯಮವಾಗಿ ಇಟ್ಟುಕೊಳ್ಳಬಹುದು.

'ಹೇಗಾದರೂ ಅಡ್ಡಲಾಗಿ ತೆಗೆದುಬಿಡೋಣ, ಆಮೇಲೆ ಬೇಕಾದಂತೆ ಕತ್ತರಿಸಿಕೊಳ್ಳೋಣ' ಎನ್ನುವವರುಂಟು. ಲೆಕ್ಕ ಹಾಕಿ ನೋಡಿದರೆ ಇದರ ನಷ್ಟ ತಿಳಿಯುತ್ತದೆ. 1920 ಚುಕ್ಕೆಗಳ ಅಗಲ, 1080 ಚುಕ್ಕೆಗಳ ಎತ್ತರವಿರುವ ಅಡ್ಡ ಚಿತ್ರದಿಂದ 9ಕ್ಕೆ 16ರ ನಿಲುವು ಚಿತ್ರವನ್ನು ಕತ್ತರಿಸಿದರೆ ದೊರೆಯುವ ಅಗಲ ಸುಮಾರು 608 ಚುಕ್ಕೆಗಳಷ್ಟೆ. ಎಂದರೆ, ತೆಗೆದ ಚಿತ್ರದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕಸವಾಯಿತು. ಆದುದರಿಂದ ಯಾವ ಚೌಕಟ್ಟು ಬೇಕೆಂಬುದನ್ನು ಗುಂಡಿ ಒತ್ತುವ ಮುನ್ನವೇ ನಿಶ್ಚಯಿಸತಕ್ಕದ್ದು.

ಇನ್ನು ವೀರಗಲ್ಲಿಗೆ ಬರೋಣ. ಯುದ್ಧದಲ್ಲಿ, ತುರುಗಳ ರಕ್ಷಣೆಯಲ್ಲಿ, ಊರಿನ ಕಾಳಗದಲ್ಲಿ ಮಡಿದವರ ನೆನಪಿಗಾಗಿ ನಿಲ್ಲಿಸಿದ ಕಲ್ಲುಗಳಿವು. ಮನುಷ್ಯರಿಗಷ್ಟೇ ಈ ಗೌರವ ಸಂದಿತೆಂದಲ್ಲ; ಮಂಡ್ಯ ಜಿಲ್ಲೆಯ ಆತಕೂರಿನ 949-50ರ ಕಲ್ಲು, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ಸ್ಮರಿಸುತ್ತದೆ. ಬಹುಪಾಲು ವೀರಗಲ್ಲುಗಳಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗಿನ ಅಂಕಣದಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುವ ನೋಟ. ಮೇಲಿನದರಲ್ಲಿ ಲಿಂಗದ ಮುಂದೆಯೋ ಜಿನನ ಮುಂದೆಯೋ ಆತನು ನೆಮ್ಮದಿಯಿಂದ ಕುಳಿತಿರುವ ದೃಶ್ಯ. ಅಂಕಣಗಳ ನಡುವಣ ಪಟ್ಟಿಗಳಲ್ಲಿ ಒಮ್ಮೊಮ್ಮೆ ಶಾಸನವೂ ಇರುತ್ತದೆ. ಕಥೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂಬುದು ಇಲ್ಲಿಯ ವಿಶೇಷ. ನಿಲುವು ಚೌಕಟ್ಟಿಗೆ ಇದಕ್ಕಿಂತ ತಕ್ಕ ವಸ್ತು ದೊರೆಯುವುದು ಕಷ್ಟ. ಕ್ಯಾಮರವನ್ನು ಕೆಳಗಿನ ಅಂಕಣದಿಂದ ಮೇಲಿನ ಅಂಕಣಕ್ಕೆ ಮೆಲ್ಲಗೆ ಎತ್ತುತ್ತ ಹೋದರೆ, ಶಿಲ್ಪಿಯು ಬಯಸಿದ ಕ್ರಮದಲ್ಲಿಯೇ ಕಥೆ ತೆರೆದುಕೊಳ್ಳುತ್ತದೆ.

ಕಲ್ಲಿನ ಉಬ್ಬುಚಿತ್ರಕ್ಕೆ ಜೀವ ಬರುವುದು ನೆರಳಿನಿಂದ. ಬಿಸಿಲು ಮುಂದಿನಿಂದ ನೇರವಾಗಿ ಬಿದ್ದರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಓರೆಯಾಗಿ ಸವರಿಕೊಂಡು ಬಿದ್ದರೆ ಸವೆದ ಕತ್ತಿಯ ಅಂಚು ಕೂಡ ಎದ್ದು ತೋರುತ್ತದೆ. ಪೂರ್ವಕ್ಕೆ ಮುಖಮಾಡಿದ ಕಲ್ಲನ್ನು ಎಳೆಬಿಸಿಲಿನಲ್ಲಿ ತೆಗೆಯದೆ, ಸೂರ್ಯನು ಮೇಲೇರಿದ ಬಳಿಕ ತೆಗೆಯುವುದು ಲೇಸು. ದಕ್ಷಿಣಕ್ಕೆ ಮುಖಮಾಡಿದ ಕಲ್ಲಿಗೆ ಬೆಳಗೂ ಸಂಜೆಯೂ ಅನುಕೂಲ. ಮರದ ನೆರಳಿನಲ್ಲಿದ್ದರೆ ಗೆಳೆಯನೊಬ್ಬನು ಮಗ್ಗುಲಿನಿಂದ ಟಾರ್ಚ್ ಹಿಡಿದರೆ ಸಾಕು. ಅಕ್ಷರ ಕಾಣಲೆಂದು ಕಲ್ಲಿಗೆ ಎಣ್ಣೆ ಬಳಿಯುವುದು, ಸುಣ್ಣದ ಕಡ್ಡಿಯಿಂದ ತಿದ್ದುವುದು ಇವೆಲ್ಲ ಸರ್ವಥಾ ಕೂಡದು. ಕಲ್ಲಿಗೆ ಪೂಜೆ ನಡೆಯುತ್ತಿದ್ದರೆ ಊರವರನ್ನು ಕೇಳಿಯೇ ಮುಂದುವರಿಯತಕ್ಕದ್ದು.

ಯಂತ್ರವನ್ನು ಹಿಡಿಯುವ ಬಗೆಯೂ ಮುಖ್ಯ. ಮೊದಲು ಲೆನ್ಸನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಬೇಕು. ಚಿತ್ರ ಮಬ್ಬಾಗುವುದಕ್ಕೆ ಎಷ್ಟೋ ವೇಳೆ ಬೆರಳಿನ ಜಿಡ್ಡೇ ಕಾರಣ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಕಾಲುಗಳನ್ನು ಕೊಂಚ ಅಗಲಿಸಿ, ಎರಡು ಕೈಯಿಂದ ಫೋನನ್ನು ಹಿಡಿದು, ಉಸಿರನ್ನು ನಿಧಾನವಾಗಿ ಬಿಡುತ್ತ ತೆಗೆದರೆ ಅಲುಗಾಟ ಬಹಳ ಕಡಿಮೆಯಾಗುತ್ತದೆ. ಪರದೆಯ ಮೇಲೆ ಮುಖ್ಯ ವಸ್ತುವಿರುವ ಕಡೆ ಬೆರಳನ್ನು ಒತ್ತಿ ಹಿಡಿದರೆ ಬಹುತೇಕ ಫೋನುಗಳಲ್ಲಿ ಫೋಕಸ್ಸೂ ಬೆಳಕಿನ ಪ್ರಮಾಣವೂ ಸ್ಥಿರವಾಗುತ್ತವೆ. ಹಾಗೆ ಮಾಡದಿದ್ದರೆ ಕ್ಯಾಮರ ಮೇಲೆದ್ದು ಆಕಾಶ ಕಂಡೊಡನೆ ಕಲ್ಲು ಕಪ್ಪಾಗಿಬಿಡುತ್ತದೆ. ಹತ್ತಿರದ ನೋಟ ಬೇಕಾದಾಗ ಬೆರಳುಗಳಿಂದ ಚಿತ್ರವನ್ನು ಹಿಗ್ಗಿಸದೆ ನಾವೇ ಎರಡು ಹೆಜ್ಜೆ ಮುಂದಿಡಬೇಕು. ಕ್ಯಾಮರವನ್ನು ಎತ್ತುವ ಮೊದಲು ಮೂರು ಸೆಕೆಂಡು, ಎತ್ತಿ ಮುಗಿದ ಮೇಲೆ ಮೂರು ಸೆಕೆಂಡು ಅಲುಗಾಡದೆ ನಿಲ್ಲುವುದು ಒಳ್ಳೆಯ ಅಭ್ಯಾಸ. ಜೋಡಿಸುವಾಗ ಈ ಬಿಡುವೇ ನಮ್ಮನ್ನು ಕಾಯುತ್ತದೆ.

ಕಲ್ಲಿನ ಜೊತೆಗೆ ಅದರ ವಿಚಾರ ಬಲ್ಲ ಊರಿನ ಯಜಮಾನರೊಬ್ಬರ ಮಾತನ್ನೂ ಹಿಡಿದಿಡಬೇಕು. ಅವರ ಕಣ್ಣುಗಳು ಚೌಕಟ್ಟಿನ ಮೇಲಿನ ಮೂರನೆಯ ಒಂದು ಪಾಲಿನ ಗೆರೆಯಲ್ಲಿರಲಿ. ಮಾತಿನೊಂದಿಗೆ ಆಡುವ ಕೈಗಳಿಗೂ ಕೆಳಗೆ ಎಡೆಯಿರಲಿ. ಚೌಕಟ್ಟಿನ ತೀರ ಕೆಳಭಾಗವನ್ನೂ ಬಲಗಡೆಯ ಅಂಚನ್ನೂ ಖಾಲಿ ಬಿಡುವುದು ಮೇಲು. ಏಕೆಂದರೆ ರೀಲ್ಸ್ ಮೊದಲಾದವುಗಳಲ್ಲಿ ಹೆಸರು, ಗುಂಡಿಗಳು ಬಂದು ಕೂರುವುದು ಅಲ್ಲಿಯೇ. ಮನೆಯೊಳಗೆ ತೆಗೆಯುವುದಾದರೆ ಇನ್ನೊಂದು ತೊಡಕುಂಟು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು; ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದ ಈ ಮಿನುಗು ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಹರಿದಾಡುತ್ತದೆ. ಷಟರ್ ವೇಗವನ್ನು ಸೆಕೆಂಡಿನ 50ನೆಯ ಅಥವಾ 100ನೆಯ ಒಂದು ಪಾಲಿಗೆ ಇಟ್ಟರೆ ಅದು ಅಡಗುತ್ತದೆ. ಫೋನಿನಲ್ಲಿ ಆ ಸೌಲಭ್ಯವಿಲ್ಲದಿದ್ದರೆ, ಯಜಮಾನರನ್ನು ಬಾಗಿಲ ಬಳಿಯ ಹಗಲ ಬೆಳಕಿನಲ್ಲಿ ಕೂರಿಸುವುದೇ ಸುಲಭೋಪಾಯ.

ಚಿತ್ರ ಕೊಂಚ ಮಬ್ಬಾದರೆ ನೋಡುವವರು ಸಹಿಸಿಯಾರು; ಮಾತು ಕೇಳಿಸದಿದ್ದರೆ ಸಹಿಸರು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಧ್ವನಿಯ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆಂಬುದು ಭೌತಶಾಸ್ತ್ರದ ಪಾಠ. ಆದುದರಿಂದ ಇನ್ನೊಂದು ಫೋನನ್ನು ಯಜಮಾನರ ಹತ್ತಿರವೇ ಇಟ್ಟು ಧ್ವನಿಯನ್ನು ಬೇರೆಯಾಗಿ ಮುದ್ರಿಸಿಕೊಳ್ಳುವುದು ಜಾಣತನ. ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ, ಆ ಸದ್ದನ್ನೂ ಕೈಗಳು ಕೂಡಿದ ಚಿತ್ರವನ್ನೂ ಸರಿಹೊಂದಿಸಿ ಎರಡನ್ನೂ ಜೋಡಿಸಬಹುದು.

ಇಷ್ಟು ತೆಗೆದ ಮೇಲೆ ಉಳಿಯುವುದು ಜೋಡಣೆ, ಅಂದರೆ ಎಡಿಟಿಂಗ್. ಸೆಕೆಂಡಿಗೆ 30ರಂತೆ ಒಂದು ನಿಮಿಷದ ಚಿತ್ರದಲ್ಲಿ 1800 ಬಿಡಿ ಚಿತ್ರಗಳಿರುತ್ತವೆ. ಯಾವುದನ್ನು ಉಳಿಸುವುದು, ಯಾವುದನ್ನು ಕಳೆಯುವುದು? ಒಂದು ನಿಮಿಷದ ವೀರಗಲ್ಲಿನ ಚಿತ್ರಕ್ಕೆ ಹೀಗೊಂದು ಕ್ರಮವನ್ನು ಸೂಚಿಸಬಹುದು: ಹೊಲದ ನಡುವೆ ನಿಂತ ಇಡೀ ಕಲ್ಲು 5 ಸೆಕೆಂಡು, ಕೆಳಗಿನಿಂದ ಮೇಲಕ್ಕೆ ಸಾಗುವ ನೋಟ 15 ಸೆಕೆಂಡು, ಯಜಮಾನರ ಮುಖ ಮತ್ತು ಮಾತು 15 ಸೆಕೆಂಡು, ಅವರ ಮಾತು ಮುಂದುವರಿಯುತ್ತಿರುವಂತೆಯೇ ಕೆತ್ತನೆಯ ಹತ್ತಿರದ ನೋಟಗಳು 20 ಸೆಕೆಂಡು, ಕೊನೆಗೆ ಕಲ್ಲೂ ಅದರ ಪಕ್ಕದಲ್ಲಿ ಯಜಮಾನರೂ ಒಟ್ಟಿಗೆ 5 ಸೆಕೆಂಡು. ಮಾತು ನಡೆಯುವಾಗ ಅಬ್ಬರದ ಸಂಗೀತ ಬೇಡ. ಗಾಳಿಯ ಸದ್ದು, ಹಕ್ಕಿಯ ಕೂಗು ಅದಕ್ಕಿಂತ ಹಿತ.

ಜೋಡಣೆಗೆ ಅರ್ಥವನ್ನೇ ಮಾರ್ಪಡಿಸುವ ಶಕ್ತಿಯಿದೆ. ರಷ್ಯದ ಕುಲೆಶೋವ್ ಎಂಬ ನಿರ್ದೇಶಕನು ಸುಮಾರು ನೂರು ವರ್ಷಗಳ ಹಿಂದೆ ಒಬ್ಬ ನಟನ ಒಂದೇ ಮುಖಭಾವದ ಚಿತ್ರವನ್ನು ಒಮ್ಮೆ ಊಟದ ಬಟ್ಟಲಿನ ಪಕ್ಕದಲ್ಲಿಯೂ ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿಯೂ ಜೋಡಿಸಿ ತೋರಿಸಿದನು. ಮುಖ ಬದಲಾಗದಿದ್ದರೂ ಅದರಲ್ಲಿ ಒಮ್ಮೆ ಹಸಿವು, ಒಮ್ಮೆ ದುಃಖ ಕಂಡಂತಾಗುತ್ತದೆ. ಚಲಚ್ಚಿತ್ರಶಾಸ್ತ್ರದ ಈ ಪ್ರಸಿದ್ಧ ಪ್ರಯೋಗ ನಮಗೆ ಎಚ್ಚರಿಕೆಯೂ ಹೌದು.

ಕನ್ನಡದ ವಿಷಯದಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಿರಬೇಕು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಯಲ್ಲಿ. ಆಡುವವನು ಆ ಸಂಗತಿಯನ್ನು ಕಣ್ಣಾರೆ ಕಂಡನೋ, ಇನ್ನೊಬ್ಬರಿಂದ ಕೇಳಿದನೋ, ಬರಿದೆ ಊಹಿಸಿದನೋ ಎಂಬುದು ತಿಳಿಯುವುದು ಅದಕ್ಕೂ ಆಚೆಯ 'ಅಂತೆ', 'ಅಂತ', 'ಇರಬಹುದು' ಎಂಬ ಪುಟ್ಟ ಮಾತುಗಳಿಂದ. "ಈ ಕಲ್ಲಿನ ವೀರ ಹುಲಿ ಹೊಡೆಯೋಕೆ ಹೋಗಿ ಸತ್ತ, ಅಂತ ನಮ್ಮ ತಾತ ಹೇಳ್ತಿದ್ರು, ನಂಗೆ ಸರಿಯಾಗಿ ಗೊತ್ತಿಲ್ಲ" ಎಂದು ಯಜಮಾನರು ಹೇಳಿದರೆನ್ನೋಣ. ಎರಡು ಸೆಕೆಂಡು ಉಳಿಸುವ ಆತುರದಲ್ಲಿ 'ಸತ್ತ' ಎಂಬಲ್ಲಿಗೆ ಕತ್ತರಿಸಿದರೆ ಏನಾಯಿತು? ತಾತನಿಂದ ಮೊಮ್ಮಗನಿಗೆ ಇಳಿದುಬಂದ ಕಥೆ ಒಮ್ಮೆಲೇ ಚರಿತ್ರೆಯಾಗಿಬಿಟ್ಟಿತು. ಎಚ್ಚರದಿಂದ ಮಾತನಾಡಿದ ಹಿರಿಯರು ಆಧಾರವಿಲ್ಲದೆ ಹೇಳುವವರಾಗಿಬಿಟ್ಟರು. ನಾಳೆ ಬೇರೊಬ್ಬರು ಅದನ್ನೇ ಪ್ರಮಾಣವೆಂದು ಎತ್ತಿಕೊಂಡಾರು. ಸುಳ್ಳನ್ನು ಯಾರೂ ಆಡಲಿಲ್ಲ, ಕತ್ತರಿ ಆಡಿತು. ಆದುದರಿಂದ ಬೇರೆ ಏನನ್ನು ಕತ್ತರಿಸಿದರೂ ವಾಕ್ಯದ ಬಾಲವನ್ನು ಕತ್ತರಿಸಬಾರದು ಎಂಬುದನ್ನು ಕನ್ನಡದ ಎಡಿಟಿಂಗಿನ ಮೊದಲ ಸೂತ್ರವೆಂದು ತಿಳಿಯತಕ್ಕದ್ದು. ಸಮಯ ಸಾಲದಿದ್ದರೆ ಕಲ್ಲಿನ ನೋಟವೊಂದನ್ನು ಬಿಡಬಹುದು. ಆ ಕಲ್ಲಿನ ಶಾಸನವು 1886ರಿಂದ ಪ್ರಕಟವಾಗತೊಡಗಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಅಚ್ಚಾಗಿ, ಆತನು ತುರುಗಳಿಗಾಗಿ ಮಡಿದನೆಂದು ಅದರಲ್ಲಿದ್ದರೆ, ಅದನ್ನೂ ಬರೆದು ತೋರಿಸಬೇಕು. ಶಾಸನದ ಮಾತೂ ಊರಿನ ಮಾತೂ ಅಕ್ಕಪಕ್ಕದಲ್ಲಿ ನಿಲ್ಲಲಿ.

ತೆರೆಯ ಮೇಲಿನ ಬರಹದ ಬಗೆಗೆ ಒಂದು ಮಾತು. ನಿಲುವು ಚೌಕಟ್ಟಿನ ಅಗಲ ಕಡಿಮೆ, ಕನ್ನಡದ ಪದಗಳು ಉದ್ದ. ಸಾಲಿಗೆ ಮೂರು ಪದಗಳಿಗಿಂತ ಹೆಚ್ಚು ಹಿಡಿಸುವುದು ಕಷ್ಟ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲುಗಳ ನಡುವೆ ಧಾರಾಳವಾಗಿ ಎಡೆ ಬಿಡಬೇಕು. ಕೆಲವು ಅಕ್ಷರವಿನ್ಯಾಸಗಳಲ್ಲಿ ಒತ್ತುಗಳು ಒಡೆದು ಬೇರೆಯಾಗಿ ನಿಲ್ಲುತ್ತವೆ. ಆದ್ದರಿಂದ ಚಿತ್ರವನ್ನು ಹೊರಬಿಡುವ ಮುನ್ನ ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಿ ನೋಡುವುದು ಒಳಿತು.

ಕೊನೆಯದಾಗಿ, ಒಂದು ನಿಮಿಷದ ಚಿತ್ರ ಸಿದ್ಧವಾಯಿತೆಂದು ಮೂಲವನ್ನು ಅಳಿಸಬಾರದು. ಕತ್ತರಿಸದ ಚಿತ್ರವನ್ನೂ ಧ್ವನಿಯನ್ನೂ ಊರಿನ ಹೆಸರು, ತೆಗೆದ ದಿನ ಇವುಗಳೊಡನೆ ಕಾಲೇಜಿನ ಕನ್ನಡ ಅಥವಾ ಇತಿಹಾಸ ವಿಭಾಗದಲ್ಲಿ ಒಂದು ಪ್ರತಿ ಇರಿಸಬಹುದು. ಸಿದ್ಧಚಿತ್ರವನ್ನು ಜಗತ್ತಿಗೆ ತೋರಿಸುವ ಮುನ್ನ ಮಾತನಾಡಿದ ಯಜಮಾನರಿಗೆ ತೋರಿಸಿ, ಅವರ ಒಪ್ಪಿಗೆಯನ್ನು ಪಡೆಯುವುದು ನಮ್ಮ ಕರ್ತವ್ಯ. ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿ, ಚರಂಡಿಯ ಹಾಸಾಗಿ ಕಣ್ಮರೆಯಾಗಿವೆ. ಅವುಗಳ ಕಥೆ ಬಲ್ಲವರೂ ಒಬ್ಬೊಬ್ಬರಾಗಿ ನಮ್ಮನ್ನಗಲುತ್ತಿದ್ದಾರೆ. ಬರುವ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನೂರಿನ ಒಂದು ಕಲ್ಲನ್ನು, ಅದನ್ನು ಬಲ್ಲ ಒಬ್ಬ ಹಿರಿಯರ ಮಾತನ್ನು, ಆ ಮಾತಿನ ಕೊನೆಯ 'ಅಂತೆ'ಯ ಸಮೇತ ಹಿಡಿದು ತಂದರೆ, ಕಾಲೇಜು ತೆರೆಯುವ ವೇಳೆಗೆ ನಮ್ಮ ಬಳಿ ಬೆಲೆಬಾಳುವ ಒಂದು ಸಂಗ್ರಹವೇ ಕೂಡಿರುತ್ತದೆ.